ಒಂದು ಅಳತೆ ದೊಡ್ಡ ಆಟಿಕೆಗಳು

ನಮ್ಮ ಕಡೆ ಮಕ್ಕಳಿಗೆ ಏನು ಕೊಂಡರೂ ಒಂದು ಅಳತೆ ದೊಡ್ಡದನ್ನೇ ಕೊಳ್ಳುತ್ತಾರೆ. ಫ್ರಾಕು ಕೊಂಡರೆ ಮೊಣಕಾಲು ದಾಟಿ ಪಾದ ಮುಟ್ಟಬೇಕು. ಚಪ್ಪಲಿ ಕೊಂಡರೆ ಹಿಮ್ಮಡಿಯ ಹಿಂದೆ ಬೆರಳು ತೂರುವಷ್ಟು ಜಾಗ ಉಳಿಯಬೇಕು. ಅಂಗಡಿಯವನು ಸರಿಯಾದ ಅಳತೆ ತೆಗೆದು ತೋರಿಸಿದರೆ ಅವನನ್ನೇ ಹುಚ್ಚನ ಹಾಗೆ ನೋಡುತ್ತಾರೆ. "ಬೆಳಿಯೋ ಕೂಸಪಾ, ದೊಡ್ಡದ ಕೊಡು, ಬೆಳದಮ್ಯಾಲ ಆಕೈತಿ" ಎನ್ನುತ್ತಾರೆ. ಬಟ್ಟೆಯ ಮಟ್ಟಿಗೆ ಇದರಲ್ಲಿ ತಪ್ಪೇನೂ ಇಲ್ಲ. ಅಂಚು ಮಡಚಿ ಹೊಲಿದರೆ ಆಯಿತು, ಕೂಸು ಬೆಳೆದ ಹಾಗೆ ಬಿಚ್ಚುತ್ತ ಹೋದರೆ ಆಯಿತು. ಆದರೆ ಆಟಿಕೆಯ ಅಂಚು ಮಡಚಲು ಬರುವುದಿಲ್ಲ. ಇಷ್ಟು ಸಣ್ಣ ಮಾತು ನಮ್ಮ ಮನೆಯವರ ತಲೆಗೆ ಇಳಿಯಲು ನನ್ನ ಮೊಮ್ಮಗಳಿಗೆ ಮೂರು ವರ್ಷ ತುಂಬಬೇಕಾಯಿತು. ನನ್ನ ತಲೆಗೆ ಮೊದಲೇ ಇಳಿದಿತ್ತು ಎಂದು ನಾನೂ ಹೇಳುವುದಿಲ್ಲ. ಎರಡನೇ ಇಯತ್ತೆ ಓದಿದವಳು ನಾನು, ಆಟಿಕೆಯಲ್ಲಿ ವಿದ್ಯೆ ಇರುತ್ತದೆ ಎಂಬುದೇ ನನಗೆ ಹೊಸದು.

ನಮ್ಮದು ಮಸ್ಕಿ. ಮಗ ಬೀಜ ಗೊಬ್ಬರದ ಅಂಗಡಿ ಇಟ್ಟಿದ್ದಾನೆ. ಸೊಸೆಯ ತವರು ಲಿಂಗಸುಗೂರು. ನನ್ನ ಮಗಳನ್ನು ಕೊಟ್ಟದ್ದು ಸಿಂಧನೂರಿಗೆ. ಒಂದೇ ರಸ್ತೆಯ ಮೇಲೆ ಆ ಕಡೆ ಬೀಗರು, ಈ ಕಡೆ ಮಗಳು, ನಡುವೆ ನಾವು. ಯಾರಿಗೆ ಪ್ರೀತಿ ಉಕ್ಕಿದರೂ ಯಾರಿಗೆ ಸಿಟ್ಟು ಬಂದರೂ ಬಸ್ಸು ಹತ್ತಿ ನಮ್ಮ ಬಾಗಿಲಿಗೇ ಇಳಿಯುತ್ತಾರೆ.

ಮೊಮ್ಮಗಳ ಮೊದಲ ಹುಟ್ಟುಹಬ್ಬಕ್ಕೆ ಬೀಗರು ಬಂದರು. ಸೊಸೆಯ ಅಪ್ಪ ಸರಕಾರಿ ನೌಕರಿ ಮಾಡಿ ನಿವೃತ್ತರಾದವರು. ನೌಕರಿ ಬಿಟ್ಟರೂ ನೌಕರಿಯ ಗತ್ತು ಅವರನ್ನು ಬಿಟ್ಟಿಲ್ಲ. ಕೈಯಲ್ಲಿ ಒಂದು ಡಬ್ಬಿ. ಕೂಸಿಗಿಂತ ದೊಡ್ಡದು. ಚೀಲದಲ್ಲಿ ಹಾಕಿರಲಿಲ್ಲ, ಓಣಿಯ ಮಂದಿಗೆ ಕಾಣಬೇಕಲ್ಲ. ಒಳಗೆ ಜಗತ್ತಿನ ನಕ್ಷೆ, ಕಟ್ಟಿಗೆಯಲ್ಲಿ ತುಂಡು ತುಂಡು ಮಾಡಿದ್ದು. ಜೋಡಿಸಿದರೆ ಜಗತ್ತು ಆಗುತ್ತದಂತೆ.

ನನ್ನ ಮಗ ಡಬ್ಬಿಯನ್ನು ತಿರುಗಿಸಿ ನೋಡಿ, "ಮಾವಾರ, ಇದರ ಮ್ಯಾಲೆ ಐದು ವರ್ಷ ದಾಟಿದವ್ರಿಗೆ ಅಂತ ಬರದಾರ್ರಿ" ಎಂದ.

"ಬರೀಲಿ ಬಿಡ್ರಿ ಅಳಿಯಂದ್ರ. ಒಂದ್ ವರ್ಷದ್ದು ತಂದ್ರ, ಬೀಗರು ಗಿಲಕಿ ತಂದಾರ ಅಂತ ಮಂದಿ ನಗೂದಿಲ್ಲೇನು? ನಮ್ಮ ಮೊಮ್ಮಗಳೇನು ಗಿಲಕಿ ಬಾರಿಸ್ಕೋಂತ ಕುಂದ್ರಾಕೇನು?"

ಒಂದು ವರ್ಷದ ಕೂಸು ಗಿಲಕಿ ಬಾರಿಸದೆ ಮತ್ತೇನು ತಾಲ್ಲೂಕು ಪಂಚಾಯಿತಿ ನಡೆಸುತ್ತದೆಯೆ? ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಬೀಗರು ಇನ್ನೂ ಊಟ ಮಾಡಿರಲಿಲ್ಲ.

ಅಷ್ಟರಲ್ಲಿ ಸಿಂಧನೂರಿನಿಂದ ಮಗಳು ಬಂದಳು. ಬೀಗರ ಡಬ್ಬಿ ನೋಡಿದ್ದೇ ಅವಳ ಮುಖ ಸಣ್ಣದಾಯಿತು. ತೊಟ್ಟಿಲಲ್ಲಿ ಕೂಸಿಗೆ ಹೆಸರು ಇಟ್ಟವಳು ಅವಳು, ಸೋದರತ್ತೆ. ಅವಳ ಉಡುಗೊರೆ ಸೊಸೆಯ ತವರಿನವರ ಉಡುಗೊರೆಗಿಂತ ಕಡಿಮೆಯಾಗಬಾರದು ಎಂಬುದು ಅವಳೇ ಮಾಡಿಕೊಂಡ ಕಾಯಿದೆ. ಅವಳು ತಂದಿದ್ದ ಮಣಿಗಳ ಹಲಗೆ ಆರು ವರ್ಷದವರಿಗೆ. ಲೆಕ್ಕ ಕಲಿಸುವ ಸಾಮಾನಂತೆ. "ಆರು!" ಎಂದು ಎಲ್ಲರಿಗೂ ಕೇಳುವ ಹಾಗೆ ಓದಿ ಹೇಳಿದಳು. ಬೀಗರದು ಐದು, ಇವಳದು ಆರು. ಸಂತೆಯಲ್ಲಿ ಎತ್ತಿನ ಹಲ್ಲು ನೋಡುವ ಹಾಗೆ ನಮ್ಮ ಮನೆಯಲ್ಲಿ ಡಬ್ಬಿಯ ಮೇಲಿನ ಅಂಕಿ ನೋಡುವುದು ಶುರುವಾದದ್ದು ಅಂದಿನಿಂದ.

ಮುಂದೆ ಆ ಆಟಿಕೆಗಳಿಗೆ ಏನಾಯಿತು ಕೇಳಿ. ಶೋಕೇಸಿನಲ್ಲಿ ಕೂತವು. ಗಾಜಿನ ಹಿಂದೆ, ಬೀಗದ ಒಳಗೆ. ಕೂಸಿನ ಕೈಗೆ ಕೊಟ್ಟರೆ ತುಂಡು ಕಳೆಯುತ್ತದೆ, ಒಂದು ತುಂಡು ಕಳೆದರೆ ಜಗತ್ತೇ ಹಾಳು. ಹಾಗಾದರೆ ಯಾವಾಗ ಕೊಡುವುದು? ನೆಂಟರು ಬಂದಾಗ. ಚಹಾ ಇಳಿಸುವ ಹೊತ್ತಿಗೆ ಮಗ ಬೀಗ ತೆಗೆಯುತ್ತಿದ್ದ, ಕೂಸನ್ನು ನಡುವೆ ಕೂರಿಸುತ್ತಿದ್ದ.

"ತೋರ್ಸವ್ವ ನಮ್ಮವ್ವ, ಭಾರತ ಎಲ್ಲೈತಿ? ಮಾಮಾಗ ತೋರ್ಸು."

ಕೂಸು ಕೈಗೆ ಸಿಕ್ಕ ತುಂಡನ್ನು ಬಾಯಿಗೆ ಹಾಕುತ್ತಿತ್ತು. ಆಫ್ರಿಕಾದ ತುದಿಯಲ್ಲಿ ಅವಳ ಹಲ್ಲಿನ ಗುರುತು ಈಗಲೂ ಇದೆ.

"ಅಯ್ಯ ಅದಲ್ಲ. ಬಾಯಾಗಿಂದ ತಗಿ. ಅದಲ್ಲ ಅಂದ್ನೆಲ್ಲ!"

ನೆಂಟರು ನಗುತ್ತಿದ್ದರು. ಮಗ ತುಂಡು ಕಸಿದು, ಒರೆಸಿ, ಡಬ್ಬಿಯಲ್ಲಿಟ್ಟು ಬೀಗ ಹಾಕುತ್ತಿದ್ದ. ಕೂಸಿಗೆ ಆಟಿಕೆ ಎಂದರೆ ಏನು? ಮಂದಿ ಸುತ್ತ ಕೂತಾಗ ಹೊರಬರುವುದು, "ಅದಲ್ಲ" ಅನ್ನಿಸಿಕೊಳ್ಳುವುದು, ಯಾರೋ ಕೈಯಿಂದ ಕಸಿದುಕೊಂಡು ಹೋಗುವುದು. ಎರಡು ವರ್ಷ ತುಂಬುವ ಹೊತ್ತಿಗೆ ಅವಳು ಅದಕ್ಕೆ ತನ್ನದೇ ಉತ್ತರ ಕಂಡುಕೊಂಡಳು. ಯಾರಾದರೂ ಏನಾದರೂ ಮುಂದೆ ಹಿಡಿದರೆ ಎರಡೂ ಕೈ ಬೆನ್ನ ಹಿಂದೆ ಹೋಗುತ್ತಿದ್ದವು. ಅಳುತ್ತಿರಲಿಲ್ಲ, ಓಡುತ್ತಿರಲಿಲ್ಲ. ಕೈ ಬೆನ್ನ ಹಿಂದೆ ಇಟ್ಟು ಸುಮ್ಮನೆ ನಿಲ್ಲುತ್ತಿದ್ದಳು. ಆಮೇಲೆ ಚೆಂಡು ಕೊಟ್ಟರೂ ಅದೇ, ಗೊಂಬೆ ಕೊಟ್ಟರೂ ಅದೇ.

ಹುಟ್ಟುಹಬ್ಬಕ್ಕೊಂದು, ದೀಪಾವಳಿಗೊಂದು ಡಬ್ಬಿ ಬರುವುದು ಮಾತ್ರ ನಿಲ್ಲಲಿಲ್ಲ. ಅಂಕಿ ಏರುತ್ತ ಹೋಯಿತು.

ಒಮ್ಮೆ ಮಗಳು ಅಡುಗೆಮನೆಗೆ ಬಂದು ನನ್ನ ಕಿವಿಯ ಹತ್ತಿರ ದನಿ ಇಳಿಸಿದಳು. ಇಳಿಸಿದ ದನಿಯೂ ಪಕ್ಕದ ಮನೆಗೆ ಕೇಳುವಂಥದ್ದು.

"ಯವ್ವಾ, ಕೂಸು ಒಂಚೂರು ಮಬ್ಬ ಐತೇನ? ನನ್ನ ಮಗ ಈ ವಯಸ್ಸಿಗೆ ಎ ಬಿ ಸಿ ಡಿ ಪೂರಾ ಅಂತಿದ್ದ."

"ಅಂತಿದ್ದನವ್ವ. ಮತ್ತ ನಾಕು ವರ್ಷದ ತನಕಾ ಚಡ್ಡಿ ತೊಯಿಸ್ಕೋತಿದ್ದ. ಅದನ್ನೂ ಹೇಳು."

ಅವಳು ಸಿಟ್ಟಾದಳು. ಆದರೆ ಮಾತು ಹೊರಗೆ ಬಿದ್ದಿತ್ತು. ಸೊಸೆ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದಳು.

ನಮ್ಮ ಓಣಿಯಲ್ಲಿ ಅಂಟಿದ ಹೆಸರು ಬಿಡುವುದಿಲ್ಲ. ಸಣ್ಣವಳಿದ್ದಾಗ ಮದುವೆಮನೆಯ ಹಾಲು ಚೆಲ್ಲಿದ ಒಬ್ಬಳಿದ್ದಾಳೆ. ಈಗ ಮೊಮ್ಮಕ್ಕಳನ್ನು ಕಂಡವಳು. ಇಂದಿಗೂ ಅವಳು "ಹಾಲು ಚೆಲ್ಲಿದಾಕಿ"ಯೇ. ಅವಳ ಮಗಳನ್ನು ನೋಡಲು ಬಂದ ಗಂಡಿನವರು ಬಸ್ಸಿಳಿದು ಮನೆ ಕೇಳಿದಾಗ ಮಂದಿ ಆ ಹೆಸರಿನಿಂದಲೇ ದಾರಿ ತೋರಿಸಿದರು. ಇನ್ನು ಮೂರು ವರ್ಷವೂ ತುಂಬದ ಕೂಸಿಗೆ "ಮಬ್ಬಿ" ಎಂದು ಅಂಟಿಸಿದರೆ ಅದು ಸಾಲೆಗೂ ಹೋಗುತ್ತದೆ, ಮದುವೆಗೂ ಹೋಗುತ್ತದೆ. ಸೊಸೆಗೆ ಅದು ನನಗಿಂತ ಚೆನ್ನಾಗಿ ಗೊತ್ತಿತ್ತು. ಅವಳು ಅಂದಿನಿಂದ ಕೂಸನ್ನು ಎತ್ತಿಕೊಂಡು ಕಟ್ಟೆಗೆ ಹೋಗುವುದನ್ನೇ ಬಿಟ್ಟಳು. ಕೂಸಿನ ಕೈ ಹಿಡಿದು ನೋಡುವಳು, ಬೆರಳು ಮಡಚುವಳು, ಬಿಚ್ಚುವಳು. ಬೆರಳಿಗೆ ಏನಾಗಿತ್ತು? ಹೋಳಿಗೆ ಕೊಟ್ಟರೆ ಕೈ ನೆಟ್ಟಗೇ ಬರುತ್ತಿತ್ತು.

ಇದೇ ಹೊತ್ತಿಗೆ ಪಾಮನಕಲ್ಲೂರಿನಿಂದ ನನ್ನ ತಂಗಿ ಬಂದಳು. ಶೋಕೇಸು ನೋಡಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಅಕ್ಕಾ, ನಾವೇನು ಇವನ್ನೆಲ್ಲ ನೋಡಿದ್ವೇನ? ಕಲ್ಲು ಮಣ್ಣಾಗ ಆಡಿದ್ವಿ. ಬೆಳೀಲಿಲ್ಲೇನು?"

"ಬೆಳದಿ. ಏನಾದಿ? ಕಲೆಕ್ಟರ್ ಆದೇನ? ಮಣ್ಣಾಗ ಆಡಿದ್ದು ಮಣ್ಣು ಪುಕ್ಕಟೆ ಸಿಗತಿತ್ತು ಅಂತ. ಯಾರರ ಒಂದು ಬುಗುರಿ ಕೊಟ್ಟಿದ್ರ ಆ ಮಣ್ಣಿಗೆ ಒದ್ದು ಓಡಿ ಬರತಿದ್ದಿ."

ಈ ಹಳೆಯ ಕಾಲದವರ ಜಂಬ ನನಗೆ ಆಗುವುದಿಲ್ಲ. ಇಲ್ಲದ್ದನ್ನು ಇಲ್ಲ ಎನ್ನಬೇಕು, ಅದನ್ನೇ ದೊಡ್ಡಸ್ತಿಕೆ ಮಾಡಿಕೊಂಡು ತಿರುಗಬಾರದು.

ಆಮೇಲೆ ಸಿಂಧನೂರಿನ ಮಗಳೇ ಓಡಾಡಿ ಅಲ್ಲಿಯ ಒಂದು ಇಂಗ್ಲಿಷ್ ಸಾಲೆಯಲ್ಲಿ ಮಾತಾಡಿದಳು. ಕೂಸನ್ನು ಕರೆದುಕೊಂಡು ಬನ್ನಿ, ನೋಡುತ್ತೇವೆ, ಆಮೇಲೆ ಸೇರಿಸಿಕೊಳ್ಳುತ್ತೇವೆ ಎಂದಿದ್ದರಂತೆ. ಮಗ, ಸೊಸೆ, ಕೂಸು, ನಾನು ಹೋದೆವು. ಸಾಲೆಯ ಗೋಡೆಯ ಮೇಲೆ ಹಾಲುಹಲ್ಲಿನ ಮಕ್ಕಳಿಗೆ ಡಾಕ್ಟರರ ಕೋಟು ತೊಡಿಸಿ ತೆಗೆದ ಫೋಟೊ ದೊಡ್ಡದಾಗಿ ಹಾಕಿದ್ದರು. ಕೋಟಿನ ತೋಳು ಬೆರಳು ಮುಚ್ಚುವಷ್ಟು ಉದ್ದ. ಇಲ್ಲಿಯೂ ಅದೇ ಕತೆ ಎಂದುಕೊಂಡು ಒಳಗೆ ಹೋದೆ.

ಆದರೆ ಒಳಗಿದ್ದ ಟೀಚರ್ ಹುಡುಗಿ ಬೇರೆ ಥರದವಳು. ನೆಲದ ಮೇಲೇ ಕೂತಳು. ಒಂದು ಕೋಲಿಗೆ ಸಣ್ಣ ದೊಡ್ಡ ಅಳತೆಯ, ಬಣ್ಣ ಬಣ್ಣದ ಕಟ್ಟಿಗೆ ಬಳೆಗಳನ್ನು ಏರಿಸುವ ಆಟಿಕೆ ತಂದು ಕೂಸಿನ ಮುಂದೆ ಇಟ್ಟಳು. ಕೂಸಿನ ಕೈ ಬೆನ್ನ ಹಿಂದೆ ಹೋದವು. ಸೊಸೆ ಕಣ್ಣು ಮುಚ್ಚಿದಳು. ನನ್ನ ಮಗ, "ಮನ್ಯಾಗ ಮಾಡ್ತಾಳ್ರಿ ಟೀಚರ, ಇಲ್ಲಿ ಹೊಸಾ ಜಾಗಾ" ಎಂದು ಸುಳ್ಳು ಹೇಳಿದ.

"ಮನ್ಯಾಗ ಯಾವ ಯಾವ ಆಟಿಕಿ ಅದಾವ್ರಿ?" ಎಂದು ಕೇಳಿದಳು ಆ ಹುಡುಗಿ.

ಮಗನ ಎದೆ ಉಬ್ಬಿತು. ಜಗತ್ತಿನ ನಕ್ಷೆಯಿಂದ ಹಿಡಿದು ಶೋಕೇಸಿನಲ್ಲಿದ್ದದ್ದನ್ನೆಲ್ಲ ಒದರಿದ. ಅವಳು ನಗು ತಡೆದುಕೊಂಡದ್ದು ನನಗೆ ಕಂಡಿತು.

"ಕೂಸಿಗೆ ಏನೂ ಆಗಿಲ್ರಿ. ಕಣ್ಣು ನೋಡ್ರಿ, ಬಳಿ ಮ್ಯಾಲೇ ಅದಾವು. ಕೈ ಅಷ್ಟ ಅಂಜ್ಯಾವು. ನೀವು ಮನ್ಯಾಗ ದೊಡ್ಡ ಹುಡುಗರ ಪರೀಕ್ಷಾ ಕೊಟ್ಟೀರಿ, ಆಕಿ ದಿನಾ ನಾಪಾಸ್ ಆಗ್ಯಾಳ. ಅವೆಲ್ಲಾ ಎತ್ತಿಡ್ರಿ. ಮೊದ್ಲ ಆಕಿ ವಯಸ್ಸಿಗಿಂತ ಸಣ್ಣದು ಕೊಡ್ರಿ, ಕೈಗೆ ಆಗುವಂಥಾದ್ದು. ಹಾಕೋದು, ತಗಿಯೋದು, ಒಂದರ ಮ್ಯಾಲೊಂದು ಇಡೋದು. ತಪ್ಪು ಇಟ್ರೂ ಯಾರೂ ತಿದ್ದಬ್ಯಾಡ್ರಿ. ಒಮ್ಮೆ ಕೈ ಹೊರಗ ಬಂತಂದ್ರ ಆಕಿ ವಯಸ್ಸಿಂದು ಕೊಡಾಕ ಬರ್ತೈತಿ."

"ಮತ್ತ ಸೀಟು?" ಎಂದ ಮಗ.

"ಈ ವರ್ಷ ಬ್ಯಾಡ್ರಿ. ಬರೋ ವರ್ಷ ಕರಕೊಂಡು ಬರ್ರಿ."

ಹೊರಗೆ ಬಂದದ್ದೇ, ಗೇಟಿನ ಹತ್ತಿರ ಕಾಯುತ್ತಿದ್ದ ಮಗಳು ಸುದ್ದಿ ಕೇಳಿ ತಲೆ ಚಚ್ಚಿಕೊಂಡಳು. ಸಿಂಧನೂರಿನಲ್ಲಿ ಅವಳ ಮುಖ ಹೋಯಿತಂತೆ. ಇನ್ನು ಯಾರಿಗೂ ಮುಖ ತೋರಿಸುವ ಹಾಗಿಲ್ಲವಂತೆ. ಮುಖ ಮುಚ್ಚಿಕೊಂಡು ಮನೆಗೆ ಹೋಗು ಎಂದು ಅವಳನ್ನು ಆಟೋಕ್ಕೆ ಹತ್ತಿಸಿದೆ.

ಮಗ ಬಸ್ಸು ಯಾವಾಗಿದೆ ಎಂದು ನೋಡಲು ಹೋದ. ಸೊಸೆ ನನ್ನ ಕಡೆ ನೋಡಿ, "ಅತ್ತಿ, ಇಲ್ಲೇ ಒಂದು ಅಂಗಡಿಗೆ ಹೋಗಿ ಬರೂಣ ಬರ್ರಿ" ಎಂದಳು. ಬಳೆ, ರಿಬ್ಬನ್ನು, ಆಟಿಕೆ ಎಲ್ಲ ಮಾರುವ ಅಂಗಡಿ. ಗಲ್ಲಾಪೆಟ್ಟಿಗೆಯ ಹಿಂದೆ ಮುಸಲ್ಮಾನರ ಹಿರಿಯರೊಬ್ಬರು ಕೂತಿದ್ದರು. ಸೊಸೆ ಅದೇ ಕೋಲು ಬಳೆಯ ಆಟಿಕೆ ಕೇಳಿದಳು.

"ಅದು ಸಣ್ಣ ಕೂಸಿಂದಮ್ಮಾ, ಒಂದೂವರಿ ವರ್ಷದ್ದು. ಈ ಬೇಟಿಗೇನು?" ಎಂದು ಅವರು ಸೊಸೆಯ ಸೊಂಟದ ಮೇಲಿದ್ದ ಕೂಸನ್ನು ನೋಡಿದರು.

"ಅಲ್ರಿ ಚಾಚಾ. ಈಕಿ ತಂಗಿಗೆ."

ಯಾವ ತಂಗಿ? ಅರೆಗಳಿಗೆಯಲ್ಲಿ ನನಗೆ ಇನ್ನೊಬ್ಬ ಮೊಮ್ಮಗಳನ್ನು ಹೆತ್ತು ಕೊಟ್ಟಳು ಮಹಾರಾಯಿತಿ! ಸಣ್ಣ ವಯಸ್ಸಿನ ಆಟಿಕೆ ಕೊಳ್ಳಲು ಇಲ್ಲದ ಕೂಸನ್ನು ಹುಟ್ಟಿಸುವಷ್ಟು ಹೆದರಿಸಿದ್ದರಲ್ಲ ಅವಳನ್ನು, ಅವರೆಲ್ಲರ ಮರ್ಯಾದೆಗೆ ಬೆಂಕಿ ಬೀಳಲಿ. ಬಸ್ಸಿನಲ್ಲಿ ಅದನ್ನು ಚೀಲದಲ್ಲಿ ಮೆಂತ್ಯೆ ಸೊಪ್ಪಿನ ಕೆಳಗೆ ಇಟ್ಟುಕೊಂಡು ಕೂತಳು, ಕದ್ದ ಮಾಲಿನ ಹಾಗೆ.

ಮನೆಗೆ ಬಂದು ನಡುಮನೆಯ ನೆಲದ ಮೇಲೆ ಅದನ್ನು ಇಟ್ಟೆವು. ಶೋಕೇಸಿನೊಳಗಿನದೆಲ್ಲ ಅಟ್ಟ ಏರಿತು. ಮಗ ಮೊದಮೊದಲು ಮೂಗು ಮುರಿದ. "ಮೂರು ತುಂಬಾಕ ಬಂದಾಕಿಗೆ ತೊಟ್ಟಲದಾಗಿನ ಆಟಿಕಿ ತಂದೀರಿ. ಅಂಗಡಿಗೆ ಬಂದವ್ರು ಕೇಳಿದ್ರ ಏನ್ ಹೇಳ್ಲಿ?" ಎಂದ. ಗೊಬ್ಬರದ ಚೀಲ ಲೆಕ್ಕ ಮಾಡು ಎಂದೆ.

ಕೂಸು ಅದರ ಸುತ್ತ ತಿರುಗಿದಳು. ನಾವು ನೋಡಿದರೆ ಕೈ ಬೆನ್ನ ಹಿಂದೆ. ಹಾಗಾಗಿ ನೋಡುವುದನ್ನೇ ಬಿಟ್ಟೆವು. ಕೇಳಲಿಕ್ಕೆ ಸುಲಭ ಇದು, ಮಾಡಿ ನೋಡಿ. ಮನೆ ತುಂಬ ಮಂದಿ ಕೂತು ಒಂದು ಕೂಸನ್ನು ನೋಡದೆ ಇರುವುದು ಉಪವಾಸಕ್ಕಿಂತ ಕಷ್ಟ. ನಾನು ಮೊರ ಹಿಡಿದು ಜೋಳ ಹಸನು ಮಾಡುವೆ, ಸೊಸೆ ಹೂ ಕಟ್ಟುವಳು, ಮಗ ಮೊಬೈಲಿನಲ್ಲಿ ಮುಖ ಹುದುಗಿಸುವನು. ಅವನಿಗೆ ಅದು ಅಭ್ಯಾಸವಿತ್ತು, ಒಮ್ಮೆಯಾದರೂ ಉಪಯೋಗಕ್ಕೆ ಬಂತು.

ಎಷ್ಟೋ ದಿನ ಹಾಗೇ ಹೋದವು. ಒಂದು ಮಧ್ಯಾಹ್ನ ಕಟ್ಟಿಗೆಗೆ ಕಟ್ಟಿಗೆ ತಾಗಿದ ಸದ್ದು ಕೇಳಿತು. ಓರೆಗಣ್ಣಿನಿಂದ ನೋಡಿದೆ. ಕೆಂಪು ಬಳೆ ಕೋಲಿಗೆ ಇಳಿದಿತ್ತು. ಕೂಸು ಅದನ್ನು ಹೊರಗೆ ತೆಗೆದಳು. ಮತ್ತೆ ಇಳಿಸಿದಳು. ಆಮೇಲೆ ಎಲ್ಲಕ್ಕಿಂತ ಸಣ್ಣದನ್ನು ಕೆಳಗೆ ಹಾಕಿ ದೊಡ್ಡದನ್ನು ಅದರ ಮೇಲೆ ಹೇರಿದಳು. ಮಗ ಬಾಯಿ ತೆರೆದ, "ಅದಲ್..." ಎಂಬಷ್ಟು ಹೊರಬಂದಿತ್ತು. ಮೊರದ ಅಂಚಿನಿಂದ ಅವನ ಮೊಣಕಾಲಿಗೆ ಕೊಟ್ಟೆ. ಜೋಳ ಚೆಲ್ಲಿತು, ಅವನ ಬಾಯಿ ಮುಚ್ಚಿತು.

ನಾವೆಲ್ಲ ಗೆದ್ದೆವು ಎಂದುಕೊಂಡಿದ್ದೆವು. ಆದರೆ ಮೂರನೇ ಹುಟ್ಟುಹಬ್ಬ ಬಂತು, ಲಿಂಗಸುಗೂರಿನ ಬಸ್ಸು ಬಂತು, ಬಸ್ಸಿನಲ್ಲಿ ಬೀಗರು ಬಂದರು. ಡಬ್ಬಿ ಎಂದಿನಂತೆ ಎದೆಯ ಮುಂದೆ. ಎಂಟು ವರ್ಷದ್ದು. ತಿರುಪು, ವೈರು, ಪುಟ್ಟ ಮೋಟಾರು ಎಲ್ಲ ಜೋಡಿಸಿ ಗಾಡಿ ಓಡಿಸಬೇಕಂತೆ. ಓಣಿಯ ಹೆಂಗಸರು, ಅಂಗಡಿಯ ಪರಿಚಯದವರು ನಡುಮನೆ ತುಂಬ ಕೂತಿದ್ದರು. ಸಿಂಧನೂರಿನ ಮಗಳೂ ಬಂದಿದ್ದಳು. ಮುಖ ತೋರಿಸುವುದಿಲ್ಲ ಎಂದವಳು ಹೊಸ ಸೀರೆ ಉಟ್ಟು ಮುಂದೆಯೇ ಕೂತಿದ್ದಳು.

ಕೂಸು ನೆಲದ ಮೇಲೆ ಬಳೆ ಏರಿಸುತ್ತಿದ್ದಳು. ಮಂದಿ ಇದ್ದರೂ ಏರಿಸುತ್ತಿದ್ದಳು. ಸೊಸೆ ಅಡುಗೆಮನೆಯ ಬಾಗಿಲಿನಿಂದ ಅದನ್ನೇ ನೋಡುತ್ತಿದ್ದದ್ದು ನನಗೆ ಗೊತ್ತು.

"ಇದೇನಿದು? ಕೂಸುಗಳ ಸಾಮಾನು!" ಎಂದರು ಬೀಗರು. "ಅಳಿಯಂದ್ರ, ನಾ ತಂದವೆಲ್ಲ ಎಲ್ಲಿ?"

"ಅಟ್ಟದ ಮ್ಯಾಲೆ ಅದಾವ್ರಿ ಮಾವಾರ" ಎಂದ ಮಗ, ನೆಲ ನೋಡುತ್ತ.

ಬೀಗರು ಮಂದಿಯ ಕಡೆ ತಿರುಗಿ ನಕ್ಕರು. ಆಮೇಲೆ ಕುಕ್ಕರುಗಾಲಲ್ಲಿ ಕೂತು ಕೂಸಿನ ಕೈಯೊಳಗಿನ ಬಳೆ ಎಳೆದುಕೊಂಡರು. "ಹಂಗಲ್ಲವ್ವ, ತಪ್ಪು. ದೊಡ್ಡದು ಕೆಳಗ, ಸಣ್ಣದು ಮ್ಯಾಲ. ಇಷ್ಟು ಗೊತ್ತಾಗೂದಿಲ್ಲೇನು ನಿನಗ?" ಎನ್ನುತ್ತ ತಾವೇ ಎಲ್ಲವನ್ನೂ ಸಾಲಾಗಿ ಏರಿಸಿ, ನೋಡಿ ಎನ್ನುವ ಹಾಗೆ ಮಂದಿಗೆ ತೋರಿಸಿದರು. ಮೂರು ವರ್ಷದ ಕೂಸಿನ ಮುಂದೆ ಗೆದ್ದ ಮುಖ ಅದು.

ಕೂಸಿನ ಎರಡೂ ಕೈ ಬೆನ್ನ ಹಿಂದೆ ಹೋದವು.

ಸೊಸೆ ಬಂದಳು. ಕೈಗೆ ಹೋಳಿಗೆಯ ಕಣಕ ಮೆತ್ತಿತ್ತು. ಈ ಮನೆಗೆ ಬಂದಾಗಿನಿಂದ ಅವಳು ಅಪ್ಪನ ಮುಂದೆ ಎತ್ತರದ ದನಿಯಲ್ಲಿ ಮಾತಾಡಿದ್ದು ನಾನು ಕೇಳಿಲ್ಲ. ಅಂದೂ ಎತ್ತರಿಸಲಿಲ್ಲ.

"ಯಪ್ಪಾ, ಕೈ ತಗಿ."

"ಏನಂದಿ?"

"ಆಕಿ ಆಟಿಕಿ ಮ್ಯಾಲಿಂದ ಕೈ ತಗಿ. ಆಕಿ ಹೆಂಗ ಇಡ್ತಾಳ ಹಂಗ ಇಡ್ಲಿ. ನೀ ತಂದದ್ದು ಎಂಟು ವರ್ಷಕ್ಕ ಐತಿ, ಎಂಟು ವರ್ಷಕ್ಕ ಕೊಡ್ತೀನಿ. ಇವತ್ತ ಆಕಿಗೆ ಮೂರು."

ಗಂಡನ ಮನೆಯಲ್ಲಿ, ಗಂಡನ ಕಡೆಯವರ ಮುಂದೆ, ಮಗಳು ಅಪ್ಪನಿಗೆ ಹಾಗೆ ಅನ್ನುವುದು ನಮ್ಮ ಕಡೆ ಇಲ್ಲ. ಬೀಗರು ಎದ್ದು ಹೆಗಲ ಮೇಲಿನ ಶಲ್ಯ ಕೊಡವಿದರು. "ಆತು. ನಾ ಈ ಮನ್ಯಾಗ ಊಟ ಮಾಡಂಗಿಲ್ಲ" ಎಂದರು. ಬೀಗರು ಊಟ ಬಿಟ್ಟು ಹೋದರೆ ಆ ಮಾತು ಅವರಿಗಿಂತ ಮೊದಲೇ ಊರು ಮುಟ್ಟುತ್ತದೆ. ಸೊಸೆಗೂ ಅದು ಗೊತ್ತು, ಆದರೂ ಜಾಗ ಬಿಟ್ಟು ಕದಲಲಿಲ್ಲ. ಮಂದಿಯೆಲ್ಲ ನನ್ನ ಕಡೆ ನೋಡಿದರು, ಮನೆಯ ಹಿರಿಯಳು ಸೊಸೆಗೆ ಬುದ್ಧಿ ಹೇಳಿ ಬೀಗರ ಕಾಲು ಹಿಡಿಯುತ್ತಾಳೆ ಎಂದು.

"ಬೀಗ್ರ" ಎಂದೆ. "ಲಿಂಗಸುಗೂರು ಬಸ್ಸೂ ಐತಿ, ಬಿಸಿ ಹೋಳಿಗಿನೂ ಐತಿ. ನಿಮ್ಮ ಮರ್ಜಿ. ಕೂಸಿಗೆ ಮಾತ್ರ ಕೈ ಹಚ್ಚಬ್ಯಾಡ್ರಿ."

ಸೊಸೆ ನೆಲಕ್ಕೆ ಕೂತಳು. ಅಪ್ಪ ಸಾಲಾಗಿ ಏರಿಸಿದ್ದ ಬಳೆಗಳನ್ನೆಲ್ಲ ಕೋಲಿನಿಂದ ಕಿತ್ತು ನೆಲದ ಮೇಲೆ ಚೆಲ್ಲಿ, ಎದ್ದು, ಹಿಂದೆ ನೋಡದೆ ಅಡುಗೆಮನೆಗೆ ನಡೆದಳು. ನಾನು ಪಕ್ಕದವಳಿಗೆ ಹತ್ತಿಯ ಬೆಲೆ ಕೇಳಿದೆ. ನನಗೆ ಹತ್ತಿಯೂ ಬೇಕಿರಲಿಲ್ಲ, ಬೆಲೆಯೂ ಬೇಕಿರಲಿಲ್ಲ. ಮಗ ಜಾಣನಾಗಿ ಗೊಬ್ಬರದ ಮಾತು ತೆಗೆದ. ಒಬ್ಬೊಬ್ಬರೇ ಮಾತಿಗೆ ಬಿದ್ದರು. ಬೀಗರು ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತರು, ಹೋಗಲೂ ಇಲ್ಲ, ಬರಲೂ ಇಲ್ಲ. ಹೋಳಿಗೆಯ ವಾಸನೆ ಅವರ ಕಡೆಗೇ ಹೋಗುತ್ತಿತ್ತು.

ಬಹಳ ಹೊತ್ತಿನ ಮೇಲೆ ಒಂದು ಕೈ ಮುಂದೆ ಬಂತು. ಇನ್ನೊಂದು ಹಿಂದೆಯೇ ಇತ್ತು. ಆ ಒಂದೇ ಕೈಯಿಂದ ಕೂಸು ಹಸಿರು ಬಳೆ ಎತ್ತಿ, ಬೀಗರ ಕಡೆ ನೋಡಿ, ಕೋಲಿಗೆ ಹಾಕಿದಳು. ಸಣ್ಣದು. ಅದರ ಮೇಲೆ ಎಲ್ಲಕ್ಕಿಂತ ದೊಡ್ಡದು. ಬೀಗರ ಬೆರಳು ಕುರ್ಚಿಯ ತೋಳಿನ ಮೇಲೆ ಕುಣಿಯುತ್ತಿದ್ದವು, ತಿದ್ದಲು ಜೀವ ಹೋಗುತ್ತಿತ್ತು ಅವರಿಗೆ. ತಿದ್ದಲಿಲ್ಲ. ಅಷ್ಟು ಮಾಡಿದರು, ಅದಕ್ಕೆ ಅವರಿಗೆ ಮೊದಲ ಹೋಳಿಗೆ ನಾನೇ ಬಡಿಸಿದೆ, ತುಪ್ಪ ಹಾಕಿಯೇ ಬಡಿಸಿದೆ.

ಹೊರಡುವಾಗ ಬೀಗರು ಹೊಸ್ತಿಲಲ್ಲಿ ನಿಂತು ತಮ್ಮ ಮಗಳನ್ನು ಕೇಳಿದರು, ಮುಖ ಇನ್ನೂ ಗಂಟು: "ಮತ್ತ ದೀಪಾವಳಿಗೆ ಎಷ್ಟು ವರ್ಷದ್ದು ತರ್ಲಿ?"

"ಅಷ್ಟೊತ್ತಿಗೆ ಆಕಿ ಕೈ ಏನ್ ಮಾಡ್ತಾವ ನೋಡಿ ಫೋನ್ ಮಾಡ್ತೀನಿ ಯಪ್ಪಾ. ನೀ ಮೊದ್ಲ ತರಬ್ಯಾಡ."

ಅವರಿಗೆ ತಿಳಿಯಿತು ಎಂಬ ನಂಬಿಕೆ ನನಗಿಲ್ಲ. ಬಸ್ಸಿನಲ್ಲಿ ಪಕ್ಕ ಕೂತವನಿಗೆ, ನನ್ನ ಮೊಮ್ಮಗಳಿಗೆ ಮೂರು ವರ್ಷಕ್ಕೇ ಮೋಟಾರು ತಂದುಕೊಟ್ಟೆ ಎಂದು ಹೇಳಿಕೊಂಡೇ ಹೋಗಿರುತ್ತಾರೆ. ಹೇಳಿಕೊಳ್ಳಲಿ. ಒಳಗೆ ಕೂಸು ತಪ್ಪು ತಪ್ಪಾಗಿ ಬಳೆ ಏರಿಸುತ್ತಿದ್ದಳು, ಈಗ ಎರಡೂ ಕೈಯಿಂದ.